ಗೊತ್ತಿಲ್ಲ ಎನ್ನುವ ಸಾಲು

ಮಾರ್ಚ್ 11, ಬುಧವಾರ

ಮ್ಯಾನೇಜರ್ ಆ ಸಾಲನ್ನು ಮತ್ತೆ ಅಳಿಸಿದ್ದಾರೆ. ನಾನು ಮತ್ತೆ ಬರೆದಿದ್ದೇನೆ.

ಗಿರಾಕಿಗಳಿಗೆ ಉತ್ತರ ಕೊಡುವ ಎಐ ನಮ್ಮ ಗೀಸರ್ ಕಂಪನಿಯ ಸಹಾಯ ಲೇಖನಗಳಲ್ಲಿ ಅದನ್ನು ಹೇಗೆ ಹುಡುಕಬೇಕು ಎಂದು ಬರೆದುಕೊಡುವುದು ನನ್ನ ಕೆಲಸ. ಅದರಲ್ಲಿ ಒಂದೇ ಸಾಲಿಗೆ ಇಷ್ಟು ರಂಪ: "ಸರಿಯಾದ ಲೇಖನ ಸಿಗದಿದ್ದರೆ, ಗೊತ್ತಿಲ್ಲ ಎಂದು ಹೇಳಿ ನಮ್ಮ ಸಿಬ್ಬಂದಿಗೆ ದಾಟಿಸು."

"ನಮ್ಮ ಎಐ ಗೊತ್ತಿಲ್ಲ ಅಂದ್ರೆ ಕಂಪನಿ ಮರ್ಯಾದೆ ಏನಾಗ್ಬೇಕು? ಹತ್ತಿರದ್ದು ಏನಾದ್ರೂ ಕೊಡ್ಲಿ ಬಿಡಿ" ಅಂದರು.

ಹತ್ತಿರದ್ದಂತೆ! ಬೆಳಿಗ್ಗೆ, ಆ ಸಾಲು ಅಳಿಸಿದ್ದಾಗ, ಪರೀಕ್ಷೆಗೆಂದು ನಾನೇ "ಗೀಸರ್ ಹತ್ತಿರ ಗ್ಯಾಸ್ ವಾಸನೆ ಬರ್ತಿದೆ" ಎಂದು ಕೇಳಿದೆ. ವಾಸನೆಯ ಬಗ್ಗೆ ನಮ್ಮಲ್ಲಿ ಲೇಖನವೇ ಇರಲಿಲ್ಲ. ಎಐ, ಗೀಸರ್ ಹೊತ್ತಿಕೊಳ್ಳದಿದ್ದರೆ ಏನು ಮಾಡಬೇಕೆಂಬ ಲೇಖನ ಹುಡುಕಿ ತಂದು, "ದಯವಿಟ್ಟು ಇನ್ನೊಮ್ಮೆ ಹೊತ್ತಿಸಿ ನೋಡಿ" ಎಂದಿತು. ಆ ವಿನಯಕ್ಕೆ ಮೈಯೆಲ್ಲ ಉರಿದುಹೋಯಿತು.

ವಾಸನೆಯ ಲೇಖನ ಇವತ್ತೇ ಬರೆದು ಹಾಕಿದೆ. ಯಾರೂ ಬರೆಯದೇ ಬಿಟ್ಟದ್ದು ಇನ್ನೆಷ್ಟಿದೆಯೋ.

ಮ್ಯಾನೇಜರಿಗೆ ಆ ಉತ್ತರ ತೋರಿಸಿದೆ.

"ಏನೋ ಒಂದ್ ಸಲ ಹಾಗಾಗಿದೆ."

"ಮನೆ ಸುಡೋಕೆ ಒಂದೇ ಸಲ ಸಾಕಲ್ವಾ ಸಾರ್?"

ಮುಖ ಸಿಂಡರಿಸಿಕೊಂಡು ಹೋದರು. ಹೋಗಲಿ. ಅಳಿಸಿ ಅಳಿಸಿ ಅವರಿಗೆ ಸಾಕಾಗುತ್ತದೋ, ಬರೆದು ಬರೆದು ನನಗೋ, ನೋಡಿಯೇ ಬಿಡುತ್ತೇನೆ.

ಊಟಕ್ಕೆ ಕೂತಾಗ ಅಕ್ಕ ಕೇಳಿದಳು, "ಕೆಲ್ಸದಿಂದ ತೆಗೆದ್ರೆ ಏನೇ ಮಾಡ್ತೀಯಾ?"

"ಗೊತ್ತಿಲ್ಲ" ಎಂದೆ.

ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ.