ಹೊರಗೆ ಹೋಗಿರುವ ಮಾಲೀಕರು

ಸರ್ವಿಸ್ ಸೆಂಟರ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಇದನ್ನು ಬರೆಯದೇ ಬಿಡುವವಳಿದ್ದೆ. ದೋಷ ಸರಿಪಡಿಸಲು ಕಾರು ತನ್ನಿ ಎಂದು ನೀವು ರೀಕಾಲ್ ಪತ್ರ ಕಳಿಸುತ್ತಿರುವ ಕಾರಿನ ಮಾಲೀಕರು, ನನ್ನ ಯಜಮಾನರು, ತೀರಿಕೊಂಡು ಹದಿನಾಲ್ಕು ತಿಂಗಳಾಯಿತು.

ನಿಮ್ಮಲ್ಲಿಂದ ಫೋನ್ ಮಾಡುವ ಹುಡುಗಿ "ಸರ್ ಇದಾರಾ ಮೇಡಂ?" ಎಂದಾಗಲೆಲ್ಲ "ಹೊರಗೆ ಹೋಗಿದಾರಮ್ಮ" ಎನ್ನುತ್ತಿದ್ದೆ. "ಸರ್ ಕಾಲಿಗೇನು ಚಕ್ರ ಕಟ್ಕೊಂಡಿದಾರಾ?" ಎಂದು ಅವಳು ನಕ್ಕಾಗ ನಾನೂ ನಕ್ಕೆ. ಅವರನ್ನು ಕೇಳಿಕೊಂಡು ಈಗ ಅವಳೊಬ್ಬಳೇ ಫೋನ್ ಮಾಡುವುದು.

ಸಹಿ ಅವರದೇ ಬೇಕಾದ್ದರಿಂದ ಎರಡು ರೀಕಾಲ್ ಹಾಗೇ ಕಳೆದವು. ಬೆಂಕಿ ಹತ್ತಬಹುದು, ಮನೆಯಿಂದ ದೂರ ನಿಲ್ಲಿಸಿ ಎಂದು ಈಗ ಮೂರನೆಯದು ಬಂದಿದೆ. ಬಯಲಿನಲ್ಲಿ ನಿಲ್ಲಿಸಿದರೆ ಅದರ ನೆರಳಿನಲ್ಲಿ ಮಕ್ಕಳು ಆಡುತ್ತಾರೆ.

ಇದರೊಂದಿಗೆ ಅವರ ಮರಣ ಪ್ರಮಾಣಪತ್ರ ಇಟ್ಟಿದ್ದೇನೆ. ದಯವಿಟ್ಟು ಕಾರನ್ನು ಒಯ್ದು ಸರಿಪಡಿಸಿ. ಹುಡುಗಿಗೆ ನೀವೇ ಹೇಳಿ.

ಇತಿ,
ಮಾಲೀಕರ ಹೆಂಡತಿ

ತಾ.ಕ.: ನಾಳೆ ಅವಳ ಫೋನ್ ಬರುವುದಿದೆ. ಇದನ್ನು ನಾಡಿದ್ದು, ಹತ್ತೊಂಬತ್ತನೇ ತಾರೀಕು, ಅಂಚೆಗೆ ಹಾಕುತ್ತೇನೆ.