ಕುರ್ಚಿಯ ಮೇಲಿನ ಕ್ರೇಪ್ ಬ್ಯಾಂಡೇಜ್

ಅತ್ತೆ,

ನಿದ್ದೆಯಲ್ಲಿದ್ದಿರಿ, ಎಬ್ಬಿಸಲಿಲ್ಲ. ಆನಂದಪುರದ ಬಸ್ಸಿಗೆ ಹೊರಟೆ.

ಬಲಗೈಯ ಸುಟ್ಟ ಗಾಯಕ್ಕೆ ಮತ್ತೆ ಹತ್ತಿ ಇಡಬೇಡಿ. ಅಂಟಿಕೊಂಡರೆ ಚರ್ಮವೇ ಕಿತ್ತು ಬರುತ್ತದೆ. ಮುಲಾಮು ಹಚ್ಚಿದ ಜಾಳು ಬಟ್ಟೆ ಮೇಜಿನ ಮೇಲಿದೆ. ಅದನ್ನಿಟ್ಟು ಬಿಳಿ ಪಟ್ಟಿ ಸಡಿಲವಾಗಿ ಸುತ್ತಿದರೆ ಸಾಕು. "ಎಂತ ಆಗ್ತದೆ" ಅಂತ ಹಟ ಮಾಡಬೇಡಿ.

ನಿಮ್ಮ ಉಳುಕಿದ ಕಾಲಿನ ಕ್ರೇಪ್ ಬ್ಯಾಂಡೇಜನ್ನು ನಿನ್ನೆ ಒಗೆದು ಹಗ್ಗಕ್ಕೆ ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಮಾವನ ಕುರ್ಚಿಯ ಮೇಲೆ ಬಿಗಿಯಾದ ಸುರುಳಿಯಾಗಿ ಕೂತಿದೆ, ಅವರು ಬದುಕಿದ್ದಾಗ ತಮ್ಮದನ್ನು ಸುತ್ತಿಡುತ್ತಿದ್ದ ಹಾಗೆಯೇ. ಒಂದೇ ಕೈಯಲ್ಲಿ ನಿಮ್ಮಿಂದ ಅದು ಆಗದು. ನಾನು ಸುತ್ತಿಲ್ಲ. ಮನೆಯಲ್ಲಿರುವುದು ನಾವಿಬ್ಬರೇ.

ನಾನದನ್ನು ಮುಟ್ಟಲಿಲ್ಲ. ಸಂಜೆ ಬಂದು ಕಾಲಿಗೆ ಕಟ್ಟುತ್ತೇನೆ. ಅಷ್ಟರೊಳಗೆ ಅದನ್ನು ಕಾಲಿಗೆ ಕಟ್ಟಿ ಆಗಿದ್ದು, ಬಿಗಿ ಅನ್ನಿಸಿದರೆ, ಜೋರಾಗಿ ಹೇಳಿ. ಮಾವನಿಗೆ ಕಿವಿ ಮಂದ ಅಲ್ಲವೇ.

ತನುಜಾ