ಹಿಡಿಸದಿದ್ದರೆ ಮುಂದಿನ ಬೀಚಿಗೆ ಹೋಗಿ

ಬೋಳೂರು ಎರಡನೇ ಅಡ್ಡರಸ್ತೆ, ಮಂಗಳೂರು
ಕಟ್ಟ ಮುಗಿದ ಎಪ್ಪತ್ತೊಂದನೆಯ ವರ್ಷ, ಆಟಿ ತಿಂಗಳು
(ನಿಮ್ಮ ಕ್ಯಾಲೆಂಡರಿನಲ್ಲಿ 2187ರ ಜುಲೈ ಕೊನೆ)

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ‘ಬೆಳಿಗ್ಗೆ ಹೊರಟು ಸಂಜೆಗೆ ಮನೆ: ಮಂಗಳೂರಿನ ಸುತ್ತಲಿನ ಬೀಚುಗಳು’ ಎಂಬ ಲೇಖನಕ್ಕೆ ಇದು ಓದುಗನೊಬ್ಬನ ಪ್ರತಿಕ್ರಿಯೆ. ಸುಮಾರು ನೂರ ಅರುವತ್ತು ವರ್ಷ ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಪತ್ರ ನಿಮ್ಮನ್ನು ಹೇಗೆ ತಲುಪುತ್ತದೆ ಎಂಬುದು ನನಗೂ ಗೊತ್ತಿಲ್ಲ. ನಿಮಗೆ ಪರಿಚಯವಿಲ್ಲದ ಕೆಲವು ಪದಗಳು ಇದರಲ್ಲಿ ಬರುತ್ತವೆ, ಬಂದಲ್ಲಿಯೇ ವಿವರಿಸುತ್ತೇನೆ. ಉಳಿದ ಭಾಷೆ ನಿಮ್ಮದೇ. ಕದ್ರಿ ಗುಡ್ಡದ ಮೇಲಿನ ಪತ್ರಿಕಾ ಕಣಜದಲ್ಲಿ ನನಗೆ ಕೆಲಸ. ನಿಮ್ಮ ಕಾಲದ ದಿನಪತ್ರಿಕೆಗಳನ್ನು ನೀರು ತಾಗದಂತೆ ಅಲ್ಲಿ ಇಟ್ಟಿದ್ದಾರೆ. ಅವುಗಳನ್ನು ಓದಿ ಸಾರಾಂಶ ಮಾಡುವುದು ನನ್ನ ಉದ್ಯೋಗ. ಅಪ್ಪನೂ ಅದೇ ಕೆಲಸದಲ್ಲಿದ್ದುದರಿಂದ ನಾನು ಅಕ್ಷರ ಕಲಿತದ್ದೇ ನಿಮ್ಮ ಹವಾಮಾನ ವರದಿ, ಪೇಟೆ ಧಾರಣೆ, ನಿಧನ ವಾರ್ತೆಗಳಿಂದ. ನಾನು ಮಾತನಾಡಿದರೆ ವರದಿ ಓದಿದ ಹಾಗಿರುತ್ತದೆ ಎಂದು ಮನೆಯವರು ನಗುತ್ತಾರೆ.

ಮೊದಲು ಕಟ್ಟ ಎಂದರೆ ಏನೆಂದು ಹೇಳಬೇಕು. ನಿಮ್ಮಲ್ಲಿ ತೋಡಿನ ನೀರು ನಿಲ್ಲಿಸಲು ಮಣ್ಣು, ಕಲ್ಲು ಹಾಕಿ ಕಟ್ಟುತ್ತಿದ್ದುದಕ್ಕೆ ಆ ಹೆಸರಿತ್ತು. ನಾವು ಅದೇ ಹೆಸರನ್ನು ಉಳ್ಳಾಲದಿಂದ ಸುರತ್ಕಲ್‌ವರೆಗೆ ಕಡಲಿಗೆ ಅಡ್ಡವಾಗಿ ನಿಂತಿರುವ ಗೋಡೆಗೆ ಇಟ್ಟಿದ್ದೇವೆ. ಅದು ಮೂರು ಮಾಳಿಗೆಯ ಮನೆಗಿಂತ ಎತ್ತರ. ನಮ್ಮ ರಸ್ತೆ ಅದರ ಬುಡದಲ್ಲಿದೆ. ಕಡಲು ನಮಗೆ ಕೇಳಿಸುತ್ತದೆ, ಕಾಣಿಸುವುದಿಲ್ಲ. ಒಣಗಲು ಹಾಕಿದ ಬಟ್ಟೆಗೆ ಉಪ್ಪಿನ ವಾಸನೆ ಬಂದರೆ ಗಾಳಿ ಪಡುವಣದಿಂದ ಬೀಸುತ್ತಿದೆ ಎಂದು ಅರ್ಥ. ಮೀನು ಕಟ್ಟದ ಮೇಲಿನಿಂದ ಬುಟ್ಟಿಯಲ್ಲಿ ಇಳಿಯುತ್ತದೆ. ಬುಟ್ಟಿ ಇಳಿಸುವ ಮೊದಲು ಗಂಟೆ ಬಾರಿಸುತ್ತಾರೆ. ಗಂಟೆಗೆ ಮೊದಲು ಬೆಕ್ಕುಗಳು ಬರುತ್ತವೆ, ಆಮೇಲೆ ನಾವು. ಮಕ್ಕಳು ಕಡಲಿನ ಚಿತ್ರ ಬಿಡಿಸುವಾಗ ಒಂದು ಗೋಡೆ ಬಿಡಿಸಿ ಅದರ ಮೇಲೆ ಹಕ್ಕಿಗಳನ್ನು ಕೂರಿಸುತ್ತಾರೆ.

ನಿಮ್ಮ ಲೇಖನದಲ್ಲಿರುವ ಹೆಚ್ಚಿನ ಬೀಚುಗಳು ಈಗಿಲ್ಲ. ತಣ್ಣೀರುಬಾವಿ ಇಲ್ಲ, ಪಣಂಬೂರು ಇಲ್ಲ, ಉಳ್ಳಾಲದ್ದೂ ಇಲ್ಲ. ಸುರತ್ಕಲ್‌ನಲ್ಲಿ ದೀಪಸ್ತಂಭ ನಿಂತ ಬಂಡೆ ಉಳಿದಿದೆ, ಬುಡದ ಮರಳು ಹೋಗಿದೆ. ನಗರದವರು ಹೋಗಿ ಬರಬಹುದಾದ ತೀರಗಳು ಮೂರೇ: ಸೋಮೇಶ್ವರ, ಸಸಿಹಿತ್ಲು, ಪಡುಬಿದ್ರಿ. ಬೇಕೆಂದಾಗ ಹೋಗುವಂತಿಲ್ಲ. ಮರಳು ಸವೆಯಬಾರದೆಂದು ಒಂದೊಂದು ಅಡ್ಡರಸ್ತೆಗೆ ವರ್ಷಕ್ಕೆ ಒಂದು ದಿನ ಕೊಡುತ್ತಾರೆ. ಅದಕ್ಕೆ ಮರಳುಪಾಳಿ ಎನ್ನುತ್ತೇವೆ. ರಸ್ತೆಯವರೆಲ್ಲ ಒಟ್ಟಿಗೆ, ಒಂದೇ ತೀರಕ್ಕೆ ಹೋಗಬೇಕು. ಯಾವ ತೀರ ಎಂದು ಹೇಳುವ ಹಕ್ಕು ವರ್ಷಕ್ಕೊಂದು ಮನೆಗೆ. ಆಯ್ಕೆ ಮಾಡಿದ ಮನೆಯವರೇ ಎಲ್ಲರಿಗೂ ಬುತ್ತಿ ಕಟ್ಟಬೇಕು, ಆಯ್ಕೆ ಕೆಟ್ಟರೆ ಇಡೀ ವರ್ಷ ಬೈಗುಳ ತಿನ್ನಬೇಕು. ಇದು ಎಲ್ಲಿಯೂ ಬರೆದ ನಿಯಮವಲ್ಲ, ಆದರೆ ತಪ್ಪಿದವರಿಲ್ಲ. ನಮ್ಮದು ಉದ್ದದ ರಸ್ತೆ. ಒಂದು ಮನೆಗೆ ಆಯ್ಕೆ ಮತ್ತೆ ಬರುವಷ್ಟರಲ್ಲಿ ಅಲ್ಲಿ ಹುಟ್ಟಿದ ಮಗು ಮದುವೆಯ ವಯಸ್ಸಿಗೆ ಬಂದಿರುತ್ತದೆ.

ಈ ವರ್ಷ ಆಯ್ಕೆ ನಮ್ಮ ಮನೆಯದಾಗಿತ್ತು. ನಮ್ಮಲ್ಲಿ ವಾರಿಜ ಮಾಮಿ ಇದ್ದಾರೆ, ನನ್ನ ಅಪ್ಪನ ಅಕ್ಕ. ಕಟ್ಟ ಮುಗಿಯುವ ಮೊದಲಿನ ಬೇಸಿಗೆಯಲ್ಲಿ ಅವರಿಗೆ ಆರು ವರ್ಷ. ಕಡಲನ್ನು ಮುಚ್ಚುವ ಮುಂಚೆ ಮಗಳಿಗೆ ತೋರಿಸಬೇಕೆಂದು ಅವರ ಅಪ್ಪ ಒಂದು ತೀರಕ್ಕೆ ಕರೆದುಕೊಂಡು ಹೋಗಿದ್ದರಂತೆ. ಎಲ್ಲಿಗೆ ಎಂದು ಮಾಮಿಗೆ ಗೊತ್ತಿಲ್ಲ. ಒಂದು ಕಡೆ ಹೊಳೆ, ಒಂದು ಕಡೆ ಕಡಲು ಇತ್ತು ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಇದೊಂದು ಗುರುತೇ ಅಲ್ಲ. ಇಲ್ಲಿನ ಅರ್ಧಕ್ಕರ್ಧ ಹೊಳೆಗಳು ಕಡಲನ್ನು ಸೇರುವ ಮೊದಲು ಅದರ ಬದಿಯಲ್ಲೇ ಸ್ವಲ್ಪ ದೂರ ಹರಿಯುತ್ತವೆ. ಅವರಿಗೆ ಸರಿಯಾಗಿ ನೆನಪಿರುವುದು ಒಂದೇ ಸಂಗತಿ. ಅದನ್ನು ಅವರ ಮಾತಿನಲ್ಲೇ ಕೊಡುತ್ತೇನೆ.

“ಅಪ್ಪನ ಕೈ ಹಿಡಿದು ನಿಂತಿದ್ದೆ ಮಾರಾಯ. ಅಲೆ ಬಂತು, ಹೋಯಿತು. ಹೋಗುವಾಗ ನನ್ನ ಕಾಲಡಿಯ ಮರಳನ್ನೂ ತೆಗೊಂಡು ಹೋಯಿತು. ನಾನು ನಿಂತಲ್ಲೇ ಇದ್ದೇನೆ, ಆದರೆ ಯಾರೋ ಹಿಂದಿನಿಂದ ಎಳೆದ ಹಾಗೆ. ಹೆದರಿ ಬೊಬ್ಬೆ ಹಾಕಿದೆ. ಅಪ್ಪ ಬಿದ್ದು ಬಿದ್ದು ನಕ್ಕರು. ಅದೊಂದು ಇನ್ನೊಂದು ಸಲ ಆಗಬೇಕು ನನಗೆ. ಬೇರೆ ಎಂತ ಬೇಡ.”

ಕಟ್ಟ ಮುಗಿದ ಮೇಲೆ ಬಹಳ ಕಾಲ ಯಾರನ್ನೂ ಆಚೆ ಬಿಡುತ್ತಿರಲಿಲ್ಲ. ಮರಳುಪಾಳಿ ಶುರುವಾದ ಮೇಲೆ ನಮ್ಮ ರಸ್ತೆಯವರು ಪ್ರತಿ ವರ್ಷ ಸೋಮೇಶ್ವರವನ್ನೇ ಆರಿಸುತ್ತ ಬಂದರು. ಹತ್ತಿರ, ಕುಳಿತುಕೊಳ್ಳಲು ಬಂಡೆ, ಊಟಕ್ಕೆ ನೆರಳು. ಆದರೆ ಅಲ್ಲಿ ನೀರು ಈಗ ಬಂಡೆಯ ಬುಡಕ್ಕೆ ಬಂದಿದೆ. ಕಾಲಿನ ಕೆಳಗೆ ಕಲ್ಲೇ ಹೊರತು ಜಾರುವ ಮರಳಿಲ್ಲ. ಮಾಮಿ ಪ್ರತಿ ವರ್ಷ ಹೋದರು, ಬಂಡೆಯ ಮೇಲೆ ಕುಳಿತರು, ಬಂದರು. ಈಗ ಅವರ ಮೊಣಕಾಲು ಸೋಲುತ್ತಿದೆ. ನಮ್ಮ ಮನೆಗೆ ಆಯ್ಕೆ ಸಿಕ್ಕ ಈ ವರ್ಷವೇ ಅದು ಆಗಬೇಕಿತ್ತು.

ಉಳಿದದ್ದು ಸಸಿಹಿತ್ಲು ಅಥವಾ ಪಡುಬಿದ್ರಿ. ಎದುರು ಮನೆಯ ಐರಿನ್ ಬಾಯಿ ಗೇಟಿನ ಹತ್ತಿರ ನಿಂತು ಸಲಹೆ ಕೊಟ್ಟರು. “ಸಸಿಹಿತ್ಲುವಿಗೇ ಹೋಗುವ. ನನ್ನ ತಂಗಿಯ ರಸ್ತೆಯವರು ಮೊನ್ನೆ ಹೋಗಿ ಬಂದರು. ಮರಳು ಒಳ್ಳೆಯದುಂಟಂತೆ, ಇಳಿಜಾರು ಸಪಾಟು ಉಂಟಂತೆ.”

ನಾನು ನಿಮ್ಮ ಲೇಖನವನ್ನು ಓದಿದ್ದೆ. ಎಂಥ ಲೇಖನ ಅದು! ಎಲ್ಲಿ ಗೋಳಿಬಜೆ ಚೆನ್ನಾಗಿ ಸಿಗುತ್ತದೆ, ಎಲ್ಲಿ ಕಾರು ನಿಲ್ಲಿಸಬಹುದು, ಚರುಮುರಿಯವನು ಎಷ್ಟು ಹೊತ್ತಿಗೆ ಬರುತ್ತಾನೆ, ಎಲ್ಲವೂ ಇದೆ. ಅದರ ನಡುವೆ ಒಂದು ವಾಕ್ಯ: ‘ಜನಜಂಗುಳಿ ಹಿಡಿಸದಿದ್ದರೆ ಮುಂದಿನ ಬೀಚಿಗೆ ಹೋಗಿ.’ ಅದನ್ನು ಮನೆಯಲ್ಲಿ ಓದಿ ಹೇಳಿದಾಗ ಎಲ್ಲರೂ ಇನ್ನೊಮ್ಮೆ ಓದು ಎಂದರು. ಆಮೇಲೆ ಅದು ನಮ್ಮ ಮನೆಮಾತಾಯಿತು. ಸಾರಿಗೆ ಉಪ್ಪು ಹೆಚ್ಚಾದರೆ ಮುಂದಿನ ಬೀಚಿಗೆ ಹೋಗಿ. ನಲ್ಲಿಯಲ್ಲಿ ನೀರು ಬಾರದಿದ್ದರೆ ಮುಂದಿನ ಬೀಚಿಗೆ ಹೋಗಿ. ಎಲ್ಲರಿಗಿಂತ ಹೆಚ್ಚು ಹೇಳುತ್ತಿದ್ದವರು ಮಾಮಿ.

ಅದೇ ಲೇಖನದಲ್ಲಿ ಸಸಿಹಿತ್ಲುವಿನ ಎದುರು ‘ಅಲೆಗಳ ಅಬ್ಬರ ಹೆಚ್ಚು, ಸರ್ಫಿಂಗ್ ಪ್ರಿಯರಿಗೆ’ ಎಂದೂ, ಪಡುಬಿದ್ರಿಯ ಎದುರು ‘ಶಾಂತ ನೀರು, ಮಕ್ಕಳಿಗೂ ಹಿರಿಯರಿಗೂ ಅನುಕೂಲ’ ಎಂದೂ ಇತ್ತು. ಒಂದು ಬದಿಗೆ ಹೊಳೆ ಎಂಬ ವಿವರವೂ ಇತ್ತು. ಅಚ್ಚಾದದ್ದನ್ನು ಬಿಟ್ಟು ಗೇಟಿನ ಹತ್ತಿರ ಕೇಳಿದ್ದನ್ನು ನಂಬುವ ಅಭ್ಯಾಸ ನನಗಿಲ್ಲ. ಪಡುಬಿದ್ರಿ ಎಂದು ಹೇಳಿಬಿಟ್ಟೆ.

ಐರಿನ್ ಬಾಯಿ ಇಷ್ಟೇ ಹೇಳಿದರು: “ಆಯಿತು. ಪೇಪರಿನವರು ಹೇಳಿದ ಮೇಲೆ ಮುಗಿಯಿತಲ್ಲ. ಅವರು ಈಗ ಎಲ್ಲಿದ್ದಾರೆ, ಕೇಳಿ ನೋಡಿ.”

ಸುಗ್ಗಿ ತಿಂಗಳಲ್ಲಿ, ಅಂದರೆ ನಿಮ್ಮ ಮಾರ್ಚ್ ಕೊನೆಗೆ, ನಮ್ಮ ಪಾಳಿ ಬಂತು. ಕಟ್ಟದ ನೆತ್ತಿಯ ಮೇಲೆ, ಸುರತ್ಕಲ್ ದಾಟಿದ ಮೇಲೆ ಕಡಲ ಬದಿಯ ಏರಿಯ ಮೇಲೆ ಓಡುವ ಕಟ್ಟಬಂಡಿಯಲ್ಲಿ ಎಲ್ಲರೂ ಹೊರಟೆವು. ನನ್ನ ತಂಗಿಯ ಮಗಳು ದೀಕ್ಷಾ ಅಕ್ಕಿಯ ಪುಂಡಿ ಕಡುಬು, ಬಸಳೆ ಪದಾರ್ಥದ ದೊಡ್ಡ ಪಾತ್ರೆಗಳನ್ನು ಕಾಲ ಹತ್ತಿರ ಇಟ್ಟುಕೊಂಡು ಕುಳಿತಿದ್ದಳು. ಮಾಮಿ ಹೊಸ ಸೀರೆ ಉಟ್ಟಿದ್ದರು, ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. “ಅಲ್ಲಿ ಹೋಗಿ ಬಿಚ್ಚುವುದಲ್ವಾ, ಎಂತಕ್ಕೆ ಹೊರುವುದು?” ಎಂಬುದು ಅವರ ವಾದ. ದಾರಿಯುದ್ದಕ್ಕೂ ಎಡಗಡೆ ಕಡಲು ಕಾಣುತ್ತಿತ್ತು. ಬಂಡಿಯಲ್ಲಿದ್ದವರೆಲ್ಲ ಆ ಕಡೆಯ ಕಿಟಕಿಗಳಿಗೆ ಮುತ್ತಿಕೊಂಡಿದ್ದರು. ವರ್ಷಕ್ಕೊಮ್ಮೆ ನೋಡುವ ಜನ ಹಾಗೆಯೇ.

ಪಡುಬಿದ್ರಿಯಲ್ಲಿ ಹೊಳೆ ಇತ್ತು, ಮರಳು ಇತ್ತು, ನೀರು ಶಾಂತವಾಗಿಯೂ ಇತ್ತು. ಆದರೆ ಮರಳಿಗೂ ನೀರಿಗೂ ನಡುವೆ ಕಡಲು ಕೊರೆದ ಒಂದು ಕಡಿದಾದ ಅಂಚು, ಆಳೆತ್ತರದ್ದು. ಹರೆಯದವರು ಕುಂಡೆಯೂರಿ ಜಾರಿ ಇಳಿದರು. ಮಾಮಿಯನ್ನು ಇಳಿಸುವುದು ಸಾಧ್ಯವಿರಲಿಲ್ಲ. ಇಳಿಸಿದರೂ ಹತ್ತಿಸುವುದು ಹೇಗೆ? ನಾಲ್ಕು ಜನ ಎತ್ತಿಕೊಳ್ಳುತ್ತೇವೆ ಎಂದರೆ ಅಂಚಿನ ಮರಳು ನಮ್ಮ ಭಾರಕ್ಕೇ ಕುಸಿಯುತ್ತಿತ್ತು. ಅವರು ಅಂಚಿನಿಂದ ದೂರ, ಒಣ ಮರಳಿನ ಮೇಲೆ ಬರಿಗಾಲಿನಲ್ಲಿ ನಿಂತಿದ್ದರು.

ದೀಕ್ಷಾ ಪುಂಡಿಯ ಪಾತ್ರೆ ಖಾಲಿ ಮಾಡಿ ಅದರಲ್ಲಿ ಕಡಲ ನೀರು ತಂದಳು. ಮಾಮಿಯ ಕಾಲ ಮೇಲೆ ಹೊಯ್ದಳು. ಮಾಮಿ ಸೀರೆ ಸ್ವಲ್ಪ ಎತ್ತಿ ನೋಡಿದರು.

“ಇದು ಕಡಲಲ್ಲ ಮಗಾ,” ಎಂದರು. “ಇದು ಮದುವೆ ಮನೆಯಲ್ಲಿ ಕಾಲಿಗೆ ಕೊಡುವ ನೀರು.”

ಎಲ್ಲರೂ ನಕ್ಕರು. ಅವರೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ತೀರ ಕಾಯುವ ಹುಡುಗಿಯನ್ನು ಕರೆದು, ತೀರಾ ಗಂಭೀರವಾಗಿ ಹೇಳಿದರು: “ನಮಗೆ ಇದು ಹಿಡಿಸಲಿಲ್ಲ. ಮುಂದಿನ ಬೀಚಿಗೆ ಹೋಗುತ್ತೇವೆ.” ಆ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಒಂದು ಪಾಳಿಗೆ ಒಂದೇ ತೀರ ಎಂದು ನಿಯಮ ಹೇಳಿದಳು. “ಪೇಪರಿನಲ್ಲಿ ಬಂದಿದೆ, ಬೇಕಾದರೆ ಇವನನ್ನು ಕೇಳು,” ಎಂದು ಮಾಮಿ ನನ್ನ ಕಡೆಗೆ ಕೈ ತೋರಿಸಿದರು. ಈ ಸಲ ನಮ್ಮ ಮನೆಯವರು ಯಾರೂ ನಗಲಿಲ್ಲ.

ಹಿಂತಿರುಗುವಾಗ ಬಂಡಿ ಸಸಿಹಿತ್ಲುವಿನ ಎದುರು ಹಾದುಹೋಯಿತು. ಅಲ್ಲಿ ಬೇರೆ ಯಾವುದೋ ರಸ್ತೆಯವರು ಇದ್ದರು. ಉದ್ದಕ್ಕೆ ಸಪಾಟಾದ ಮರಳು; ತೆಳ್ಳಗಿನ ಅಲೆ ಬಹಳ ದೂರ ಹರಿದು ಬಂದು, ಅಷ್ಟೇ ದೂರ ಹಿಂದೆ ಹೋಗುತ್ತಿತ್ತು. ಹಳೆಯ ಅಬ್ಬರವೆಲ್ಲ ಯಾವಾಗಲೋ ಸರಿದು ಹೋಗಿತ್ತು. ಮುದುಕರೊಬ್ಬರು ಪಂಚೆ ಎತ್ತಿಕಟ್ಟಿ ನೀರಿನ ಅಂಚಿನಲ್ಲಿ ನಿಂತಿದ್ದರು. ಮಾಮಿ ಕಿಟಕಿಗೆ ಮುಖ ಒತ್ತಿ, ಅವರು ಕಾಣದಾಗುವವರೆಗೆ ನೋಡಿದರು. ನಾನು ಐರಿನ್ ಬಾಯಿಯ ಮಾತಿಗೆ ಸಿದ್ಧನಾಗಿ ಕುಳಿತಿದ್ದೆ. ಅವರು ಬುತ್ತಿಯ ಖಾಲಿ ಪಾತ್ರೆಗಳನ್ನು ಒಂದರೊಳಗೊಂದು ಇಡುತ್ತಿದ್ದರು. ಬೋಳೂರಿನಲ್ಲಿ ಇಳಿದ ಮೇಲೆ ಮಾಮಿಯ ತೋಳು ಹಿಡಿದುಕೊಂಡು ಹೇಳಿದರು: “ಬರುವ ವರ್ಷ ಆಯ್ಕೆ ನಮ್ಮ ಮನೆಯದ್ದು. ಸಸಿಹಿತ್ಲು. ಈಗಲೇ ಹೇಳಿದ್ದೇನೆ. ನೀವು ಅಲ್ಲಿಯವರೆಗೆ ಕಾಲು ಸರಿ ಇಟ್ಟುಕೊಳ್ಳಿ. ಇವನು ಪೇಪರ್ ಓದುವುದಕ್ಕೆ ಇರಲಿ.”

ಸಂಪಾದಕರೆ, ನಿಮ್ಮ ಲೇಖನದಲ್ಲಿ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಬರೆದ ದಿನ ಅದು ಸರಿಯಾಗಿಯೇ ಇದ್ದಿರಬೇಕು. ಮರಳು ಒಂದೇ ಕಡೆ ನಿಲ್ಲುವ ವಸ್ತುವಲ್ಲ ಎಂಬುದನ್ನು ನಾನು ತಿಳಿಯಬೇಕಿತ್ತು. ತಿದ್ದುಪಡಿ ಕೇಳಲು ಈ ಪತ್ರ ಬರೆದಿಲ್ಲ. ನನ್ನ ವಿನಂತಿ ಬೇರೆ.

ಈಗ ಮಳೆ. ಪಾಳಿಗಳು ನಿಂತಿವೆ. ಮಾಮಿಯ ಕಾಲು ಬೇಸಿಗೆಗಿಂತ ಹೆಚ್ಚು ಸೋತಿದೆ. ಮುಂದಿನ ಸುಗ್ಗಿಯ ಬಗ್ಗೆ ಕೇಳಿದರೆ ವೈದ್ಯರು ಚಟ್ನಿಯಲ್ಲಿ ಉಪ್ಪು ಕಡಿಮೆ ಮಾಡಿ ಎನ್ನುತ್ತಾರೆ. ದಿನಾ ಸಂಜೆ ನಾನು ಕಣಜದಿಂದ ಬಂದು ಕೊಡೆ ಮಡಚುವ ಮೊದಲೇ ಮಾಮಿ ಕೇಳುತ್ತಾರೆ: “ಇವತ್ತು ಸಿಕ್ಕಿತಾ?” ಅಲೆ ಹಿಂದೆ ಹೋಗುವಾಗ ಕಾಲಡಿಯ ಮರಳು ಜಾರುತ್ತದಲ್ಲ, ಅದರ ಬಗ್ಗೆ ಯಾರಾದರೂ ಬರೆದಿದ್ದಾರಾ ಎಂದು. ನಾನು ಹುಡುಕುತ್ತಿದ್ದೇನೆ. ಸೂರ್ಯಾಸ್ತದ ಚಿತ್ರಗಳು ಬೇಕಾದಷ್ಟು ಸಿಕ್ಕಿವೆ. ಬೀಚ್ ಉತ್ಸವದ ಉದ್ಘಾಟನೆಗಳು, ಗಾಳಿಪಟ ಸ್ಪರ್ಧೆಯ ಬಹುಮಾನಿತರು, ಕಸ ಹೆಕ್ಕಿದ ಶಾಲಾ ಮಕ್ಕಳ ಸಾಲು ಎಲ್ಲ ಇವೆ. ಅದೊಂದು ಸಿಕ್ಕಿಲ್ಲ. ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಬರೆಯಲಿಲ್ಲವೇನೋ. ಪತ್ರಿಕೆಯಲ್ಲಿ ಹಾಗಾಗುವುದುಂಟು.

ಆದರೆ ನಿಮ್ಮ ವರ್ಷಗಳ ಕಪಾಟುಗಳನ್ನು ನಾನಿನ್ನೂ ಓದಿ ಮುಗಿಸಿಲ್ಲ. ನೀವು ಬರೆದು ಅಚ್ಚು ಮಾಡಿದರೆ ಅದು ಅಲ್ಲಿಗೇ ಬರುತ್ತದೆ, ನನ್ನ ಕೈಗೆ ಸಿಗುತ್ತದೆ. ಆದ್ದರಿಂದ ಈ ಭಾನುವಾರ ನಿಮ್ಮವರು ಯಾರಾದರೂ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಂತೆ ಹೋಗಿ ಬರಲಿ. ಚಪ್ಪಲಿ ಕಳಚಿ, ನೀರಿನ ಅಂಚಿನಲ್ಲಿ, ಅಲೆ ಹಿಂದೆ ಸರಿಯುವವರೆಗೆ ಅಲುಗಾಡದೆ ನಿಲ್ಲಲಿ. ಹಿಮ್ಮಡಿಯಡಿ ಮೊದಲು ಜಾರುತ್ತದೋ ಬೆರಳಡಿಯೋ, ತಣ್ಣಗಿರುತ್ತದೋ, ಕಚಗುಳಿಯಾಗುತ್ತದೋ, ದೊಡ್ಡವರಿಗೂ ಬೊಬ್ಬೆ ಹಾಕಬೇಕೆನಿಸುತ್ತದೋ, ಆದದ್ದನ್ನು ಆದ ಹಾಗೆ ಬರೆಯಲಿ. ವಾಚಕರ ಪತ್ರದಷ್ಟು ಚಿಕ್ಕದಾದರೂ ಸಾಕು. ಮಾಮಿಗೆ ಓದಿ ಹೇಳುತ್ತೇನೆ.

ಬೀಚಿನ ಹೆಸರು ಬಿಟ್ಟುಹೋದರೂ ಅಡ್ಡಿಯಿಲ್ಲ.

ಇತಿ ನಿಮ್ಮ ಓದುಗ,
ಪ್ರಫುಲ್ಲ ಸಾಲ್ಯಾನ್